ಶರತ್ಕಾಲಕ್ಕೊಂದು ಕಡ್ಡಿಪೊರಕೆ

ಒಂದು ಮಾತು ಕೇಳುತ್ತೇನೆ, ನಿಜ ಹೇಳಿ: ಬೇರೆಯವರ ಮರದ ಕಸ ಗುಡಿಸುವ ಆಸೆಗೆ ಬಿದ್ದು, ದೇವರ ಹೆಸರಿನಲ್ಲಿ ಸುಳ್ಳು ಹೇಳಿ, ವಿಮಾನ ಹತ್ತಿದ ಹೆಂಗಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇಲ್ಲವಲ್ಲ? ಈಗ ಕಂಡಿರಿ. ನಮಸ್ಕಾರ.

ಇದನ್ನು ನಾನು ಫೋನಿನಲ್ಲಿ ಒಂದೇ ಬೆರಳಿನಿಂದ ಕುಟ್ಟುತ್ತಿದ್ದೇನೆ. ಕುಟ್ಟುವುದನ್ನು ಕಲಿಸಿದವಳು ಮೊಮ್ಮಗಳು, ಮಗನ ಮಗಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ನನಗೆ ಇಂಗ್ಲಿಷು ಬಾಯಿಗೆ ಬರುತ್ತದೆ, ಅರ್ಥವಾಗುವುದಿಲ್ಲ. ಹೀಗಾಗಿ ಪಾಠ ಚೆನ್ನಾಗಿಯೇ ನಡೆಯಿತು. ಒತ್ತಕ್ಷರ ಬಂದಾಗಲೆಲ್ಲ ನಾನು ಸ್ವಲ್ಪ ನಿಂತು ಸುಧಾರಿಸಿಕೊಳ್ಳಬೇಕು. ಮೇಲೆ ಶರತ್ಕಾಲ ಅಂತ ಕುಟ್ಟಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಯಿತು. ಆದರೂ ಆ ಪದವೇ ಬೇಕು, ನಡೆದದ್ದೆಲ್ಲ ಅದರಿಂದಲೇ.

ನನಗೆ ಇಬ್ಬರು ಮಕ್ಕಳು. ಮಗಳು ಅಡಿಲೇಡಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು, ಮನೆ ಸ್ಯಾಲಿಸ್‌ಬರಿಯಲ್ಲಿ. ಮಗ ಬ್ರಿಸ್ಬೇನಿನಲ್ಲಿ ರಸ್ತೆಗಳಿಗೆ ಸುರಂಗ ತೋಡುವ ಎಂಜಿನಿಯರು, ಮನೆ ಕ್ಯಾಲಮ್‌ವೇಲ್‌ನಲ್ಲಿ. ನಮ್ಮ ಕಡೆ ಮಕ್ಕಳು ಆಸ್ತಿ ಪಾಲು ಮಾಡಿಕೊಳ್ಳುತ್ತಾರೆ. ನನ್ನ ಹತ್ತಿರ ಆಸ್ತಿ ಇರಲಿಲ್ಲವಾದ್ದರಿಂದ ಇವರು ನನ್ನನ್ನೇ ಪಾಲು ಮಾಡಿಕೊಂಡರು, ಅದೂ ಹವಾಮಾನದ ಪ್ರಕಾರ. ಬೇಸಿಗೆ ಮುಗಿಯುವವರೆಗೆ ಮಗಳ ಮನೆ, ಚಳಿಯ ಸೂಚನೆ ಕಂಡ ಕೂಡಲೇ ಮಗನ ಮನೆ. ಉಪ್ಪಿನಕಾಯಿ ಜಾಡಿಯನ್ನು ಬಿಸಿಲಿಗೆ ಇಟ್ಟು ನೆರಳಿಗೆ ಎತ್ತುತ್ತೇವಲ್ಲ, ಹಾಗೆ ನನ್ನನ್ನು ಎತ್ತಿ ಇಡುತ್ತಾರೆ. ಜಾಡಿಯನ್ನು ಯಾರೂ ಕೇಳುವುದಿಲ್ಲ.

ಮೊದಲ ಸಲ ಹೀಗಿರಲಿಲ್ಲ. ಮಗಳ ಬಾಣಂತನಕ್ಕೆ ಅಂತ ಮೈಸೂರಿನಿಂದ ನೇರವಾಗಿ ಸ್ಯಾಲಿಸ್‌ಬರಿಗೆ ಬಂದವಳು ಅಲ್ಲೇ ಇದ್ದೆ. ಪಕ್ಕದ ಮನೆಯಲ್ಲಿ ಒಂದು ದೊಡ್ಡ ಮರ. ಹೆಸರು ಕೇಳಬೇಡಿ, ಅದು ನನಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅರ್ಧ ಮರ ಅವರ ಅಂಗಳದ ಮೇಲೆ, ಅರ್ಧ ನಮ್ಮ ಮಗಳ ಕಾರು ನಿಲ್ಲಿಸುವ ಜಾಗದ ಮೇಲೆ. ಏಪ್ರಿಲ್ ಕಳೆಯುತ್ತಿದ್ದಂತೆ ಅದಕ್ಕೆ ಅರಿಶಿನ ಹತ್ತಿತು. ಆಮೇಲೆ ಅರಿಶಿನಕ್ಕೆ ಸುಣ್ಣ ಬೆರೆಸಿದ ಹಾಗೆ ಕೆಂಪಾಯಿತು. ಆಮೇಲೆ ಒಂದು ಬೆಳಗ್ಗೆ ನೋಡಿದರೆ ನಮ್ಮ ಬಾಗಿಲಿನಿಂದ ರಸ್ತೆಯವರೆಗೆ ನೆಲವೇ ಕಾಣದು, ಬರೀ ಎಲೆ.

ಬೇರೆಯವರಾಗಿದ್ದರೆ ಆಹಾ ಎಂಥ ಸೌಂದರ್ಯ ಅಂತ ನಿಂತು ನೋಡುತ್ತಿದ್ದರೋ ಏನೋ. ನನಗೆ ಮಾತ್ರ ಕೈ ತುರಿಸಿತು.

ಯಾಕೆ ಅಂತ ಹೇಳಬೇಕು. ಮದುವೆಯಾದ ಮಾರನೆಯ ದಿನದಿಂದ ಒಂಟಿಕೊಪ್ಪಲಿನ ನಮ್ಮ ಬಾಡಿಗೆ ಮನೆಯ ಮುಂದೆ ಕಸ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆದ ಮೇಲೇ ನನಗೆ ಕಾಫಿ. ಅದು ಕೆಲಸ ಅಂತ ಯಾವತ್ತೂ ಅನ್ನಿಸಿರಲಿಲ್ಲ, ಹಲ್ಲುಜ್ಜಿದ ಹಾಗೆ. ಇಲ್ಲಿ ಮಕ್ಕಳ ಮನೆಗೆ ಬಂದು ನೋಡಿದರೆ ನೆಲ ಗುಡಿಸಲು ತಟ್ಟೆಯಂಥದ್ದೊಂದು ಯಂತ್ರ ತಾನೇ ಓಡಾಡುತ್ತದೆ. ಪಾತ್ರೆಗೊಂದು ಪೆಟ್ಟಿಗೆ, ಬಟ್ಟೆಗೆರಡು ಪೆಟ್ಟಿಗೆ. ನನಗೆ ಉಳಿದದ್ದು ಒಂದೇ ಮಾತು: "ನೀನು ಕೂತ್ಕೋ ಅಮ್ಮ." ಕೂತೆ. ಕೂತು ಕೂತು ಸೋಫಾಕ್ಕೆ ನನ್ನ ಗುರುತು ಹತ್ತಿತು. ಆ ತಟ್ಟೆ ಯಂತ್ರ ಬಂದು ಕಾಲಿಗೆ ಡಿಕ್ಕಿ ಹೊಡೆದು, ಇದೊಂದು ಸಾಮಾನು ಇಲ್ಲಿದೆ ಅಂತ ತಿಳಿದುಕೊಂಡು, ಬಳಸಿಕೊಂಡು ಹೋಗುತ್ತಿತ್ತು.

ಎಲೆ ಬಿದ್ದದ್ದೇ ತಡ, ಗ್ಯಾರೇಜಿನಿಂದ ಒಂದು ಪೊರಕೆ ಹುಡುಕಿ ಇಳಿದೆ. ಮರದ ಯಜಮಾನ, ಪಕ್ಕದ ಮನೆಯ ಅಜ್ಜ, ಬೇಲಿಯ ಆಚೆಯಿಂದ ಕೈ ಜೋಡಿಸದ ಕುಂದೊಂದು ಬಿಟ್ಟು ಎಲ್ಲ ರೀತಿಯಲ್ಲೂ ಕ್ಷಮೆ ಕೇಳಿದರು.

"ಸಾರಿ ಅಬೌಟ್ ದ ಲೀವ್ಸ್, ಡಾರ್ಲ್!"

"ನೋ ಸಾರಿ," ಅಂದೆ. "ಸೆಂಡ್ ಮೋರ್."

ಅವರು ನಕ್ಕು ಹೋಗಿ ತಮ್ಮ ಪೊರಕೆ ತಂದರು. ಬೇಲಿಯ ಆ ಕಡೆ ಅವರು, ಈ ಕಡೆ ನಾನು. ದಿನಾ ಗುಡಿಸುವುದು, ದಿನಾ ಬೀಳುವುದು. ಇಂಥ ನಂಬಿಕಸ್ಥ ಕಸವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಒಬ್ಬ ಪರಪುರುಷ ತನ್ನ ತಾಯಿಯನ್ನು ಡಾರ್ಲ್, ಅಂದರೆ ಡಾರ್ಲಿಂಗ್, ಅಂದದ್ದಕ್ಕೆ ಮಗಳು ಮಾತ್ರ ವಾರವೆಲ್ಲ ಕೆಂಪಗೆ ಓಡಾಡಿದಳು. ಇಲ್ಲಿ ಪೆಟ್ರೋಲ್ ಬಂಕಿನವನೂ ಹಾಗೇ ಕರೆಯುತ್ತಾನೆ ಅಂತ ನನಗೆ ಆಮೇಲೆ ತಿಳಿದು ಸ್ವಲ್ಪ ಬೇಸರವೇ ಆಯಿತು.

ಆ ಒಂದೂವರೆ ತಿಂಗಳು ನಾನು ಆ ಮನೆಗೆ ಬಂದವಳಾಗಿರಲಿಲ್ಲ, ಆ ಮನೆಯವಳಾಗಿದ್ದೆ. ನಾನು ಇಲ್ಲದಿದ್ದರೆ ಅವರ ಬಾಗಿಲು ಮುಚ್ಚಿಹೋಗುತ್ತಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಕೊನೆಗೆ ಕೆಮ್ಮು ಬಂತು. ಬರೀ ಕೆಮ್ಮು. ಆದರೆ ಡಾಕ್ಟರಾದ ಮಗಳಿಗೆ ತಾಯಿ ಅಂದರೆ ಎರಡು ಶ್ವಾಸಕೋಶ ಅಷ್ಟೆ. ಎದೆಗೆ ಕೊಳವೆ ಇಟ್ಟು ಕೇಳಿ, "ಇನ್ಮೇಲೆ ಏಪ್ರಿಲ್ ಬರೋದ್ರೊಳಗೆ ನೀನು ಬ್ರಿಸ್ಬೇನಲ್ಲಿರ್ಬೇಕು. ಅಲ್ಲಿ ಆಟಮ್ಮೇ ಇಲ್ಲ" ಅಂದಳು, ಅದೇನೋ ಒಳ್ಳೆಯ ಸುದ್ದಿ ಅನ್ನುವ ಹಾಗೆ.

ನಿಜ, ಇಲ್ಲ. ಬ್ರಿಸ್ಬೇನಿನಲ್ಲಿ ಮಾರ್ಚ್ ಒಂದರಂದು ಟಿವಿಯವರು ಶರತ್ಕಾಲ ಬಂತು ಅಂತ ಹೇಳುತ್ತಾರೆ. ಹೇಳುವಾಕೆ ತೋಳಿಲ್ಲದ ಅಂಗಿ ಹಾಕಿಕೊಂಡಿರುತ್ತಾಳೆ. ಅಂಗಡಿಯ ಗಾಜಿನೊಳಗಿನ ಬೊಂಬೆಗಳಿಗೆ ಉಣ್ಣೆ ಕೋಟು ಹಾಕುತ್ತಾರೆ, ಅವನ್ನು ಹೊರಗೆ ನಿಂತು ನೋಡುವವರು ಚಡ್ಡಿಯಲ್ಲಿ ಬೆವರುತ್ತಿರುತ್ತಾರೆ. ಮರಗಳೋ, ಹಸಿರು ಬಿಟ್ಟು ಬೇರೆ ಸೀರೆಯೇ ಇಲ್ಲ. ನನ್ನ ಸೊಸೆ ಒಳ್ಳೆಯವಳು. ಅತ್ತೆ ಎಲೆ ಎಲೆ ಅಂತ ಹಲುಬುತ್ತಾರೆ ಅಂತ ಪ್ಲಾಸ್ಟಿಕ್ಕಿನ ಕೆಂಪೆಲೆಯ ಮಾಲೆ ತಂದು ಬಾಗಿಲಿಗೆ ತೋರಣ ಕಟ್ಟಿದಳು. ತೊಳೆದು ಮತ್ತೆ ಮುಂದಿನ ವರ್ಷ ಕಟ್ಟಬಹುದಂತೆ. ಉದುರದ ಎಲೆ! ಉದ್ದ ಕೊಕ್ಕಿನ ಬಿಳಿ ಹಕ್ಕಿಯೊಂದು, ಇಲ್ಲಿ ಕಸದ ತೊಟ್ಟಿ ಕೆದಕುತ್ತಾ ತಿರುಗುತ್ತದಲ್ಲ ಅದು, ಒಂದೆಲೆ ಕಿತ್ತು ಕಚ್ಚಿ ನೋಡಿ ಉಗುಳಿ ಹೋಯಿತು. ಆ ಊರಿನಲ್ಲಿ ನನ್ನ ಅಭಿಪ್ರಾಯದವರು ಅಂತ ಇದ್ದದ್ದು ಅದೊಂದೇ.

ನಮ್ಮ ಕನ್ನಡದ ಹೆಣ್ಣುಮಕ್ಕಳು ಸುಮ್ಮನಿರುತ್ತಾರೆಯೇ? ಹತ್ತಿರದ ಬಡಾವಣೆ ರನ್‌ಕಾರ್ನ್‌ನಲ್ಲಿ ಒಬ್ಬರ ಮನೆಯಲ್ಲಿ ಆಟಮ್ ಥೀಮ್ ಅಂತ ಊಟದ ಕೂಟ ಇಟ್ಟರು. ಎಲ್ಲರೂ ಕಿತ್ತಳೆ, ಕಂದು ಬಣ್ಣದಲ್ಲಿ ಬರಬೇಕು, ಮೇಲೊಂದು ಸ್ವೆಟರು ಕಡ್ಡಾಯ. ಹೊರಗೆ ಸೆಕೆ. ಸ್ವೆಟರು ಹಾಕಿಕೊಳ್ಳಲು ಆಗಬೇಕಲ್ಲ, ಅದಕ್ಕೆ ಎಸಿಯನ್ನು ಫ್ರಿಜ್ಜಿನ ಮಟ್ಟಕ್ಕೆ ಇಳಿಸಿದರು. ನಡುಗುತ್ತಾ ಕುಂಬಳಕಾಯಿ ಹುಳಿ ಬಡಿಸಿದರು.

"ಆಂಟಿ, ನೀವ್ ಹಿರಿಯರು, ಶರದೃತು ಬಗ್ಗೆ ಎರಡ್ ಮಾತಾಡಿ," ಅಂದಳು ಮನೆಯೊಡತಿ.

"ಒಂದೇ ಮಾತು ಸಾಕಮ್ಮ. ಎಸಿ ಆಫ್ ಮಾಡಿ," ಅಂದೆ.

ಮತ್ತೆ ಯಾರೂ ನನ್ನನ್ನು ಭಾಷಣಕ್ಕೆ ಕರೆದಿಲ್ಲ.

ಇಷ್ಟಾದರೂ ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದ್ದು ನನ್ನ ಬೀಗಿತ್ತಿ, ಅಂದರೆ ಮಗಳ ಅತ್ತೆ. ಅವರು ಬಸವನಗುಡಿಯವರು, ಈಗ ಪರ್ತಿನಲ್ಲಿ ದೊಡ್ಡ ಮಗನ ಜೊತೆ ಇದ್ದಾರೆ. ನಾನು ಅಡಿಲೇಡ್ ಬಿಟ್ಟ ವಿಮಾನದ ಸದ್ದು ಅಡಗುವ ಮೊದಲೇ ಅವರು ಪರ್ತಿನಿಂದ ಅಲ್ಲಿಗೆ ಬಂದು ಇಳಿಯುತ್ತಾರೆ. ಏಪ್ರಿಲ್, ಮೇ ಅವರ ಪಾಳಿ. ಅವರ ಎದೆ ಗಟ್ಟಿಯಂತೆ, ಕೆಮ್ಮು ಬರುವುದಿಲ್ಲವಂತೆ. ಅವರೆದುರಿಗೆ ಬರಲು ಕೆಮ್ಮಿಗೂ ಹೆದರಿಕೆ ಇರಬೇಕು ಪಾಪ.

ಬಂದು ಸುಮ್ಮನಿರಬೇಕಲ್ಲ? ಮನೆಯವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಫೋಟೊ ಕಳಿಸುತ್ತಾರೆ. ಕೆಂಪೆಲೆಯ ರಾಶಿಯ ಮೇಲೆ ಇವರು, ರೇಷ್ಮೆ ಸೀರೆ, ಕೈಯಲ್ಲಿ ಕಾಫಿ ಲೋಟ. ಎಲೆ ಮೊಣಕಾಲಿಗೆ ಬರುವಷ್ಟು. ಇವರು ಗುಡಿಯ ಮುಂದಿನ ಕೊಡಿಮರದ ಹಾಗೆ ನೆಟ್ಟಗೆ. ಬಗ್ಗುವುದು ಆ ಹೆಂಗಸಿನ ಜಾಯಮಾನದಲ್ಲೇ ಇಲ್ಲ. ಒಂದು ಫೋಟೊದಲ್ಲಾದರೂ ನೆಲ ಗುಡಿಸಿದ ಗುರುತಿಲ್ಲ. ನನ್ನ ಬಾಗಿಲು, ನನ್ನ ಎಲೆ, ಅದರ ಮೇಲೆ ಇವರ ಚಪ್ಪಲಿ! ಕ್ಯಾಲಮ್‌ವೇಲ್‌ನ ಫ್ಯಾನಿನ ಕೆಳಗೆ ಕೂತು ನಾನು ಆ ಫೋಟೊಗಳನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದೆ. ಮೂರು ವರ್ಷ ನೋಡಿದೆ. ಈ ಸಲ ತಡೆಯಲಾಗಲಿಲ್ಲ. ಏನಾದರಾಗಲಿ, ಎಲೆ ಉದುರುವಾಗ ನಾನು ಅಲ್ಲಿರಬೇಕು ಅಂತ ತೀರ್ಮಾನಿಸಿದೆ.

ದಾರಿ ಸಿಕ್ಕಿದ್ದು ಯುಗಾದಿಯ ಬೆಳಗ್ಗೆ. ನಮ್ಮ ಮಗನ ಮನೆಯ ಪೂಜೆಯನ್ನು ಫೋನಿನ ಪರದೆಯಲ್ಲಿ ಮಾಡಿಸುವವರು ಪರ್ತಿನ ಪುರೋಹಿತರು. ವಾರವೆಲ್ಲ ಗಣಿ ಕಂಪನಿಯಲ್ಲಿ ಕೆಲಸ, ಹಬ್ಬ ಹರಿದಿನ ಬಂದರೆ ಮಡಿ. ಅವರನ್ನು ಗೊತ್ತು ಮಾಡಿಕೊಟ್ಟದ್ದೂ ನನ್ನ ಬೀಗಿತ್ತಿಯೇ. ಪೂಜೆಗೆ ಮೊದಲು ಸಂಕಲ್ಪ ಅಂತ ಹೇಳುತ್ತಾರಲ್ಲ, ನಾವು ಯಾವ ದೇಶದಲ್ಲಿ, ಯಾವ ಋತುವಿನಲ್ಲಿ, ಯಾವ ಮಾಸದಲ್ಲಿ ಕೂತು ಪೂಜೆ ಮಾಡುತ್ತಿದ್ದೇವೆ ಅಂತ ದೇವರಿಗೆ ವಿಳಾಸ ಕೊಡುವುದು, ಅದನ್ನು ಶುರು ಮಾಡಿದರು. "ವಸಂತ ಋತೌ, ಚೈತ್ರ ಮಾಸೇ..."

"ಒಂದ್ನಿಮಿಷ ತಡೀರಿ," ಅಂದೆ. "ಯಾವ ಋತು ಅಂದ್ರಿ?"

"ವಸಂತ, ಆಂಟಿ. ಯುಗಾದಿ ಅಲ್ವಾ?"

"ಕಿಟಕಿ ಆಚೆ ನೋಡಿ ಹೇಳಿ."

"ಆಂಟಿ, ನಿಮಗೆ ಬೆಳಕಾಗಿದೆ. ಪರ್ತಲ್ಲಿ ಇನ್ನೂ ಕತ್ತಲೆ. ಕಿಟಕಿ ಆಚೆ ಏನೂ ಕಾಣ್ಸಲ್ಲ."

"ಬೆಳಕಾದ್ ಮೇಲೂ ವಸಂತ ಕಾಣ್ಸಲ್ಲ ಬಿಡಿ. ಅಡಿಲೇಡಲ್ಲಿ ಇನ್ನೇನು ಎಲೆ ಉದುರತ್ತೆ. ಎಲೆ ಉದುರೋ ಕಾಲಾನ ವಸಂತ ಅಂದ್ರೆ ದೇವರಿಗೆ ತಪ್ಪು ವಿಳಾಸ ಕೊಟ್ಟಹಾಗಲ್ವಾ? ಇದು ಶರತ್ತು ತಾನೇ?"

ಮಗ ನನ್ನ ಮೊಣಕೈ ತಿವಿದ. "ಅಮ್ಮ, ಬೇವು ಬೆಲ್ಲ ತಿನ್ನೋಣ, ಆಫೀಸಿದೆ."

ಪುರೋಹಿತರಿಗೆ ಇನ್ನೊಂದು ಮನೆಯವರು ಲೈನಿನಲ್ಲಿ ಕಾಯುತ್ತಿದ್ದರು. ತಪ್ಪಿಸಿಕೊಳ್ಳಲು, "ಋತು ಲೆಕ್ಕದಲ್ಲಿ ನೋಡಿದ್ರೆ ನಿಮ್ ಮಾತಲ್ಲೂ ಒಂದ್ ಪಾಯಿಂಟ್ ಇದೆ ಆಂಟಿ" ಅಂದುಬಿಟ್ಟರು.

ನನಗೆ ಅಷ್ಟು ಸಾಕಿತ್ತು. ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಮೇಲೆ ಫೋನು ಹಿಡಿದು ಕುಟ್ಟಿದೆ. ಆ ಗುಂಪಿಗೆ ನನ್ನ ಮೊದಲ ಬರಹ ಅದು: "ಪುರೋಹಿತರು ಒಪ್ಪಿದ್ದಾರೆ. ಈ ದೇಶದಲ್ಲಿ ಶರದೃತು ಬರುವುದು ಈಗ. ಆದ್ದರಿಂದ ಶರನ್ನವರಾತ್ರಿಯೂ ಈಗಲೇ. ಇಷ್ಟು ವರ್ಷ ಅಕ್ಟೋಬರಿನಲ್ಲಿ ಗೊಂಬೆ ಕೂರಿಸಿ ತಪ್ಪು ಮಾಡಿದ್ದೇವೆ. ಗೊಂಬೆಗಳ ಪೆಟ್ಟಿಗೆ ಅಡಿಲೇಡಿನಲ್ಲಿದೆ. ಪಟ್ಟದ ಗೊಂಬೆ ನನ್ನ ಹತ್ತಿರ ಇದೆ. ನಾನು ಬರಲೇಬೇಕು."

ಪಟ್ಟದ ಗೊಂಬೆ ಅಂದರೆ ಮರದ ರಾಜ ರಾಣಿ, ಜೋಡಿ. ನನ್ನ ಮದುವೆಯಲ್ಲಿ ಅಮ್ಮ ಕೊಟ್ಟದ್ದು. ದಸರೆಯ ಗೊಂಬೆ ಎಷ್ಟೇ ಇರಲಿ, ಈ ಜೋಡಿ ಮೊದಲು ಕೂರದೆ ಬೇರೆ ಯಾವುದೂ ಮೆಟ್ಟಿಲು ಹತ್ತುವ ಹಾಗಿಲ್ಲ. ಅದಕ್ಕೇ ಅವರನ್ನು ನಾನು ಯಾರ ಮನೆಯಲ್ಲೂ ಬಿಡದೆ ನನ್ನ ಪೆಟ್ಟಿಗೆಯಲ್ಲೇ ಇಟ್ಟುಕೊಂಡು ತಿರುಗುತ್ತೇನೆ. ನನ್ನ ಜೊತೆ ಅವರಿಗೂ ಅರ್ಧ ವರ್ಷ ಮಗಳ ಮನೆ, ಅರ್ಧ ವರ್ಷ ಮಗನ ಮನೆ. ಅವರು ರಾಜರಾದ್ದರಿಂದ ಗೊಣಗುವುದಿಲ್ಲ.

ಪಂಚಾಂಗ ಬಲ್ಲವರು ಈಗ ಹುಬ್ಬು ಗಂಟಿಕ್ಕುತ್ತಿದ್ದೀರಿ, ಗೊತ್ತು. ಋತುಗಳನ್ನು ತಿರುವುಮುರುವು ಮಾಡಿದರೂ ನವರಾತ್ರಿ ಚೈತ್ರದಲ್ಲೇ ಬರಬೇಕು. ಆದರೆ ಆ ಮರ ಕೆಂಪಾಗುವುದು ವೈಶಾಖಕ್ಕೆ. ಹಾಗಾಗಿ ಹಬ್ಬವನ್ನು ವೈಶಾಖಕ್ಕೆ ತಳ್ಳಿದೆ. ಇಷ್ಟು ದೊಡ್ಡ ಸುಳ್ಳಿನಲ್ಲಿ ಒಂದು ತಿಂಗಳು ಆಚೀಚೆ ಆದರೆ ಯಾವ ದೋಷವೂ ಇಲ್ಲ.

ಮಗಳ ಫೋನು ತಕ್ಷಣ ಬಂತು. "ಅಮ್ಮ, ಏನಿದು? ಯುಗಾದಿ ಆದ್ಮೇಲೆ ಯಾರಾದ್ರೂ ದಸರಾ ಮಾಡ್ತಾರಾ?"

"ಭೂಮಿ ಕೆಳಗ್ಬಂದು ಮನೆ ಮಾಡಿರೋರು ನೀವು. ಹಬ್ಬ ತಲೆಕೆಳಗಾದ್ರೆ ನನ್ನನ್ ಬೈತೀಯಲ್ಲ."

"ನಿನ್ ಕೆಮ್ಮು?"

"ದೇವಿ ನೋಡ್ಕೋತಾಳೆ."

"ನೋಡ್ಕೊಳ್ಳೋಳು ನಾನು. ಬೇಡ ಅಂದ್ರೆ ಬೇಡ."

ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸಂಜೆ ಗುಂಪಿನಲ್ಲಿ ಬೀಗಿತ್ತಿಯ ಬರಹ ಬಂತು: "ದೇವರ ಕಾರ್ಯಕ್ಕೆ ಬೇಡ ಅನ್ನಬಾರದು. ಬರಲಿ." ಕೆಳಗೆ ಹಳೆಯ ವರ್ಷದ ಒಂದು ಫೋಟೊ, ಮಾಮೂಲಿ ಎಲೆ ರಾಶಿ, ಮಾಮೂಲಿ ಕೊಡಿಮರ.

ನನಗೆ ಸಂತೋಷಕ್ಕಿಂತ ಗುಮಾನಿಯೇ ಹೆಚ್ಚಾಯಿತು. ಆಕೆ ನನ್ನ ಪರವಾಗಿ ಮಾತಾಡಿದ್ದು ಅದಕ್ಕೆ ಮೊದಲು ಒಂದೇ ಸಲ, ಮಗಳ ಮದುವೆಯಲ್ಲಿ ಹೋಳಿಗೆ ಮೆತ್ತಗಿದೆ ಅಂದಾಗ. ಅದೂ ಹೊಗಳಿದ್ದು ಅಡುಗೆಯವರನ್ನು. ಏನೇ ಇರಲಿ, ಅತ್ತೆಯೇ ಬರಲಿ ಅಂದಮೇಲೆ ಮಗಳು ಸೋತಳು. ಆದರೆ ಷರತ್ತು ಹಾಕಿದಳು. "ಒಂಬತ್ತೇ ದಿನ. ಗೊಂಬೆ ಇಳಿಸಿದ ಮಾರನೇ ದಿನ ವಾಪಸ್. ಗೊಂಬೆ ಹಬ್ಬಕ್ಕೆ ಅಂತ ಬರ್ತಿದ್ದೀಯ, ಗೊಂಬೆ ಹಬ್ಬ ಮಾತ್ರ. ಅಂಗಳಕ್ಕಿಳಿದ್ರೆ ನೋಡು."

ಅಂಗಳಕ್ಕೆ ಇಳಿಯದೆ ಇರಲು ನಾನೇನು ಹುಚ್ಚಿಯೇ? ತಯಾರಿ ಶುರು ಮಾಡಿದೆ. ಮಗಳ ಮನೆಯ ಪೊರಕೆಯನ್ನು ಅಳಿಯಂದಿರು ಎಸೆದು ಎಲೆ ಊದುವ ಯಂತ್ರ ತಂದಿದ್ದರು. ಅದಕ್ಕೆ ಚಾರ್ಜು ಮಾಡಲು ಯಾರಿಗೂ ನೆನಪಿರುವುದಿಲ್ಲ, ಆ ಮಾತು ಬೇರೆ. ನನಗೆ ಬೇಕಾದದ್ದು ಕಡ್ಡಿಪೊರಕೆ, ನಮ್ಮೂರಿನದು. ಬ್ರಿಸ್ಬೇನಿನ ಮರಗಳ ಮೇಲೆ ನನಗಿದ್ದ ಸಿಟ್ಟು ಇಳಿದದ್ದು ಆಗಲೇ. ಮಗನ ಮನೆಯ ಬೀದಿಯಲ್ಲಿ ತೆಂಗಿನ ತಂಗಿಯಂಥ ಮರಗಳು ಸಾಲಾಗಿವೆ, ಒಣಗಿದ ಗರಿ ಆಗಾಗ ಬೀಳುತ್ತದೆ. ಒಂದು ಎಳೆದು ತಂದೆ. ಬಾಲ್ಕನಿಯಲ್ಲಿ ಕಾಲು ಚಾಚಿ ಕೂತು, ತರಕಾರಿ ಚಾಕುವಿನಲ್ಲಿ ಎಲೆಯನ್ನು ಸೀಳಿ ಕಡ್ಡಿ ಬಿಡಿಸತೊಡಗಿದೆ. ತೆಂಗಿನ ಕಡ್ಡಿಯಷ್ಟು ಬಿಗಿ ಇಲ್ಲ, ಆದರೆ ಪರದೇಶದಲ್ಲಿ ಅಷ್ಟು ಸಿಕ್ಕಿದ್ದೇ ಪುಣ್ಯ.

ಮೊಮ್ಮಗಳು ಬಂದು ನೋಡಿದಳು. "ಅಜ್ಜಿ, ವಿ ಹ್ಯಾವ್ ಎ ವ್ಯಾಕ್ಯೂಮ್."

"ಇದು ದೇವರ ಕೆಲ್ಸಕ್ಕೆ ಪುಟ್ಟಿ."

"ಫಾರ್ ದ ಡಾಲ್ಸ್?"

"ಹೂಂ. ಗೊಂಬೆಗಳಿಗೆ ಚಾಮರ."

ಅವಳು ಚಾಮರದ ಫೋಟೊ ತೆಗೆದುಕೊಂಡು ಹೋದಳು. ಮಗುವಿಗೆ ನಮ್ಮ ಸಂಸ್ಕೃತಿ ತಿಳಿಸಿಕೊಡುವುದು ದೊಡ್ಡವರ ಧರ್ಮ.

ಹೊರಡುವ ಬೆಳಗ್ಗೆ ತೊಂದರೆ ಬಂತು. ಪೊರಕೆ ಪೆಟ್ಟಿಗೆಗಿಂತ ಉದ್ದ. ನೆಟ್ಟಗೆ ಇಟ್ಟರೆ ಮುಚ್ಚಳ ಹಾಕಲಾಗದು, ಓರೆಯಾಗಿ ಇಟ್ಟರೆ ಉಳಿದದ್ದಕ್ಕೆ ಜಾಗವಿಲ್ಲ. ಶಾಲು ತೆಗೆದೆ, ಸೀರೆ ಮಡಚಿದೆ, ಒಂದೊಂದನ್ನೂ ಎತ್ತಿ ಹಾಸಿಗೆಯ ಮೇಲಿಟ್ಟು ಪೊರಕೆಗೆ ಸ್ಥಾನ ಮಾಡಿಕೊಟ್ಟು, ಆಮೇಲೆ ಒಂದೊಂದನ್ನೂ ಸುತ್ತ ತುರುಕಿದೆ. ಕೆಳಗಿನಿಂದ ಮಗ ಹಾರ್ನು ಹೊಡೆಯುತ್ತಿದ್ದ. ಮುಚ್ಚಳದ ಮೇಲೆ ಕೂತು ಜಿಪ್ಪು ಎಳೆದು ಇಳಿದೆ. ವಿಮಾನದಲ್ಲಿ ಪಕ್ಕದವರು ಯಾಕೆ ಪ್ರಯಾಣ ಅಂತ ಕೇಳಿದರು. "ರಿಲಿಜಿಯಸ್ ಫಂಕ್ಷನ್," ಅಂದೆ. ಅವರು ಗೌರವದಿಂದ ಕಿಟಕಿಯ ಸೀಟು ಬಿಟ್ಟುಕೊಟ್ಟರು.

ಸ್ಯಾಲಿಸ್‌ಬರಿಯ ಮನೆಯ ಮುಂದೆ ಕಾರಿನ ಬಾಗಿಲು ತೆರೆದಾಗ ಮೂಗಿಗೆ ಮೊದಲು ಆ ವಾಸನೆ ಬಂತು, ತೇವ ಒಣಗಿದ ಎಲೆಯ ವಾಸನೆ, ಹಳೆಯ ಪುಸ್ತಕವನ್ನು ಬಿಸಿಲಿಗೆ ಇಟ್ಟ ಹಾಗೆ. ಮರ ಅರ್ಧ ಕೆಂಪಗೆ ಮೇಲೆ, ಅರ್ಧ ಕೆಳಗೆ. ನೆಲ ಒಂದು ಚೂರೂ ಕಾಣುತ್ತಿರಲಿಲ್ಲ. ಯಾರೂ ಮುಟ್ಟಿರಲಿಲ್ಲ. ನನಗೆ ಸ್ವಲ್ಪ ಕಣ್ಣು ಮಂಜಾಯಿತು. ತಣ್ಣನೆಯ ಗಾಳಿ, ಅದಕ್ಕೇ.

"ಅತ್ತೆ, ಒಳಗ್ ಬನ್ನಿ, ಚಳಿ," ಅಂದರು ಅಳಿಯಂದಿರು.

ಒಳಗೆ ಬೀಗಿತ್ತಿ ನೆಟ್ಟಗೆ ಕುರ್ಚಿಯಲ್ಲಿ ಕೂತಿದ್ದರು. ಪಾಪ, ಸುಳ್ಳನ್ನು ನಂಬಿ ಮಗಳು ಮೆಟ್ಟಿಲು ಕಟ್ಟಿದ್ದಳು. ರಟ್ಟಿನ ಡಬ್ಬಗಳನ್ನು ಒಂದರ ಮೇಲೊಂದು ಇಟ್ಟು, ಬಿಳಿ ಪಂಚೆ ಹಾಸಿ, ಮೇಲುಗಡೆ ಮಧ್ಯದಲ್ಲಿ ಜಾಗ ಖಾಲಿ ಬಿಟ್ಟಿದ್ದಳು, ರಾಜ ರಾಣಿಗೆ.

"ತೆಗಿ ಅಮ್ಮ, ಮೊದ್ಲು ಪಟ್ಟದ ಗೊಂಬೆ ಕೂರಿಸ್ಬಿಡೋಣ. ನನಗೆ ಮಧ್ಯಾಹ್ನ ಡ್ಯೂಟಿ ಇದೆ."

ನಾನು ಜಿಪ್ಪು ಎಳೆದೆ. ಓರೆಯಾಗಿ ಮುದುರಿಕೊಂಡಿದ್ದ ಪೊರಕೆ ಬಿಡುಗಡೆ ಸಿಕ್ಕ ಸಂತೋಷಕ್ಕೆ ಟಪ್ಪಂತ ಎದ್ದು ಮಗಳ ಮುಖದ ಮುಂದೆ ನಿಂತಿತು. ಶಾಲು ತೆಗೆದೆ, ಸೀರೆ ತೆಗೆದೆ, ಸ್ವೆಟರು, ಚಕ್ಕುಲಿ, ಮಾತ್ರೆ. ತಳ ಕಂಡಿತು. ಸುತ್ತ ಮುಟ್ಟಿ ನೋಡಿದೆ. ರಾಜನೂ ಇಲ್ಲ, ರಾಣಿಯೂ ಇಲ್ಲ. ಅಳಿಯಂದಿರು ಮೆಲ್ಲನೆ ಅಡಿಗೆಮನೆಗೆ ಸರಿದರು. ಬುದ್ಧಿವಂತರು.

ಮಗಳು ತಮ್ಮನಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ಅವನು ನನ್ನ ಕೋಣೆಗೆ ಹೋಗಿ ನೋಡಿ ಹೇಳಿದ: "ರಾಜ ರಾಣಿ ಇಬ್ರೂ ಅಮ್ಮನ ಹಾಸಿಗೆ ಮೇಲೆ ಮಲಗಿದ್ದಾರೆ. ಪಕ್ಕದಲ್ಲಿ ಒಂದು ತರಕಾರಿ ಚಾಕು ಇದೆ. ಏನ್ ನಡೀತಿದೆ ಅಲ್ಲಿ?"

ಮಗಳು ನನ್ನನ್ನು ನೋಡಿದಳು. ಪೊರಕೆಯನ್ನು ನೋಡಿದಳು. ಕಿಟಕಿಯ ಆಚೆ ಎಲೆಯನ್ನು ನೋಡಿದಳು. ರೋಗ ಪತ್ತೆ ಮಾಡಲು ಅವಳು ತುಂಬಾ ಓದಿದ್ದಾಳೆ, ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಗೊಂಬೆ ಬಿಟ್ಟು ಪೊರಕೆ ತಂದಿದ್ದೀಯ."

"ಆತುರದಲ್ಲಿ..."

"ಇಷ್ಟಕ್ಕಾ ಅಮ್ಮ ದೇವರ ಹೆಸರು? ಕಸ ಗುಡಿಸೋಕಾ? ಮತ್ತೆ ಎದೆ ಕಟ್ಕೊಂಡ್ರೆ ಯಾರ್ ನೋಡ್ಬೇಕು? ನಾಳೆ ಫ್ಲೈಟ್ ಇದ್ರೆ ನಾಳೆನೇ ವಾಪಸ್. ಗೊಂಬೆ ಇಲ್ಲ, ಹಬ್ಬ ಇಲ್ಲ."

ಒಂದು ಎಲೆಯನ್ನೂ ಮುಟ್ಟಿರಲಿಲ್ಲ ಇನ್ನೂ. ಸೋಫಾದ ಕಡೆ ನೋಡಿದೆ. ಅದು ನನ್ನನ್ನು ಗುರುತು ಹಿಡಿದ ಹಾಗೆ ಕಂಡಿತು.

ಆಗ ಬೀಗಿತ್ತಿ ಕೂತಲ್ಲಿಂದಲೇ ಕೈ ಚಾಚಿ ಮಗಳ ಕೈಯಿಂದ ಫೋನು ತೆಗೆದುಕೊಂಡರು.

"ನೋಡಪ್ಪ, ಆ ಗೊಂಬೆಗಳನ್ನ ಚೆನ್ನಾಗಿ ಬಟ್ಟೆ ಸುತ್ತಿ ಪೋಸ್ಟಿಗೆ ಹಾಕು. ಎಕ್ಸ್‌ಪ್ರೆಸ್ಸು ಗಿಕ್ಸ್‌ಪ್ರೆಸ್ಸು ಬೇಡ, ಅವ್ರು ಎತ್ ಎತ್ ಒಗೀತಾರೆ, ರಾಜನ ಕೈ ಮುರೀತು ಅಂದ್ರೆ ಅಪಶಕುನ. ಎಲ್ಲಕ್ಕಿಂತ ನಿಧಾನ ಯಾವ್ದಿದೆ, ಅದ್ರಲ್ಲಿ ಹಾಕು. ದೇವ್ರಿಗೇನು ಅರ್ಜೆಂಟಿಲ್ಲ."

"ಅತ್ತೆ," ಅಂದಳು ಮಗಳು, "ಅದು ಬರೋಕೆ ವಾರಗಟ್ಲೆ ಆಗತ್ತೆ."

"ಆಗ್ಲಿ. ಮುಹೂರ್ತ ಹೇಗೂ ನಿಮ್ಮಮ್ಮನೇ ಇಡೋದಲ್ವಾ? ಇನ್ನೊಂದಷ್ಟು ಮುಂದಕ್ಕೆ ಇಡ್ತಾರೆ. ಕೂರಿಸ್ತೀವಿ ಅಂತ ಮೆಟ್ಟಿಲು ಕಟ್ಟಿ ಆಗಿದೆ. ಕಟ್ಟಿದ ಮೆಟ್ಟಿಲು ಬರಿದಾಗಿ ಬಿಚ್ಚಬಾರ್ದು ಕಣಮ್ಮ."

ಹಾಗೊಂದು ಶಾಸ್ತ್ರ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನದಕ್ಕಿಂತ ಚೆನ್ನಾಗಿತ್ತು. ತಾಯಿಗೆ ಆಗುವುದಿಲ್ಲ ಅನ್ನುವ ಬಾಯಿ ಅತ್ತೆಯ ಮುಂದೆ ತೆರೆಯಬಾರದು ಅಂತ ಮಗಳನ್ನು ಬೆಳೆಸಿದವಳು ನಾನೇ. ಅದರ ಫಲ ಇಷ್ಟು ವರ್ಷದ ಮೇಲೆ ಬಂದು ನನ್ನ ಉಡಿಗೇ ಬಿತ್ತು. "ಎರಡು ಸ್ವೆಟರ್ ಹಾಕ್ಕೋಬೇಕು, ಕಿವಿ ಮುಚ್ಕೋಬೇಕು," ಅಂತ ಗೊಣಗಿ ಡ್ಯೂಟಿಗೆ ಹೋದಳು.

ಮಾರನೆಯ ಬೆಳಗ್ಗೆ ಎರಡು ಸ್ವೆಟರು, ಮಫ್ಲರು, ಅಳಿಯಂದಿರ ಟೋಪಿ ಎಲ್ಲ ಹಾಕಿಕೊಂಡು, ಮೂಗು ಒಂದನ್ನು ಹೊರಗೆ ಬಿಟ್ಟು, ಕಡ್ಡಿಪೊರಕೆ ಹಿಡಿದು ಇಳಿದೆ. ಮೊದಲನೇ ಬಾರಿ ಎಳೆದಾಗ ಸರ್ ಅಂತ ಸದ್ದು ಬಂತಲ್ಲ, ಅದನ್ನು ಫೋನಿನಲ್ಲಿ ಕುಟ್ಟಿ ತೋರಿಸಲು ನನಗೆ ಇನ್ನೂ ಬಂದಿಲ್ಲ. ಬೇಲಿಯ ಆಚೆ ಒಂದು ತಲೆ ಎದ್ದಿತು. ನಾವು ಜೊತೆಗೆ ಗುಡಿಸಿದ ಆ ವರ್ಷಕ್ಕಿಂತ ಬೆಳ್ಳಗಾಗಿತ್ತು.

"ಯೂ ಆರ್ ಬ್ಯಾಕ್, ಡಾರ್ಲ್!"

"ಸೆಂಡ್ ಮೋರ್!" ಅಂದೆ.

ಬೀಗಿತ್ತಿ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು, ಬೆನ್ನಿಗೆ ದಿಂಬು ಕೊಟ್ಟುಕೊಂಡು, ಕಾಫಿ ಹೀರುತ್ತಾ ಮೇಲ್ವಿಚಾರಣೆಗೆ ಕೂತರು. "ಆ ಮೂಲೆ ಬಿಟ್ರಿ." "ಕಾರಿನ್ ಕೆಳಗೆ ಇದೆ ನೋಡಿ." "ಮೈಸೂರಲ್ಲಿ ಹೀಗೇನಾ ಗುಡಿಸೋದು?" ನಾನು ಸಹಿಸಿಕೊಂಡೆ. ಉಪಕಾರ ಮಾಡಿದ್ದಾರೆ, ಸಹಿಸಬೇಕು. ಒಂದು ರಾಶಿ ಮಾಡಿ ಮುಗಿಸಿ, ಪೊರಕೆ ಊರಿ ನಿಂತು, ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇ ಬಿಟ್ಟೆ.

"ಬೀಗಿತ್ತಿಯವರೇ, ನಾನ್ ಹೇಳಿದ್ದು ಸುಳ್ಳು ಅಂತ ನಿಮಗೆ ಯಾವಾಗ್ ಗೊತ್ತಾಯ್ತು?"

"ಯುಗಾದಿ ದಿನಾನೇ. ಪುರೋಹಿತರು ಫೋನ್ ಮಾಡಿ ನಕ್ಕಿದ್ದೇ ನನ್ ಹತ್ರ."

"ಮತ್ತೆ ಗೊತ್ತಿದ್ದೂ ನನ್ ಪರ ಯಾಕ್ ನಿಂತ್ರಿ?"

ಅವರು ಲೋಟದ ತಳದ ಕಾಫಿಯನ್ನು ಮುಗಿಸಿ, ಪಕ್ಕಕ್ಕಿಟ್ಟು, ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಅಯ್ಯೋ, ಪ್ರೀತಿ ಅಂದ್ಕೊಂಡ್ರಾ? ಮೂರು ವರ್ಷದಿಂದ ಆ ಎಲೆ ಫೋಟೊ ಎಲ್ಲ ನಾನ್ ಯಾತಕ್ಕೆ ಕಳಿಸ್ತಿದ್ದೆ? ನನಗೆ ಸೊಂಟ ಬಗ್ಗಲ್ಲ ರೀ, ಗುಡಿಸೋಕೆ ಒಬ್ರು ಬೇಕಾಗಿತ್ತು. ಹೊಟ್ಟೆ ಉರಿದು ಮೊದಲನೇ ವರ್ಷಾನೇ ಓಡಿ ಬರ್ತೀರಿ ಅಂದ್ಕೊಂಡಿದ್ದೆ, ನಿಮ್ ಹೊಟ್ಟೆ ಇಷ್ಟು ನಿಧಾನಕ್ಕೆ ಉರಿಯತ್ತೆ ಅಂತ ನನಗೇನ್ ಗೊತ್ತಿತ್ತು!"